ಹುಳಿಗೆ ಮುಪ್ಪಿಲ್ಲ, ಹಲ್ಲಿಗುಂಟು

ಮಕ್ಕಳೇ, ಶಿವರಾತ್ರಿಯ ಹೊತ್ತಿಗೆ ನಮ್ಮ ಮುಳಬಾಗಿಲು, ಮಾಲೂರಿನ ಹಳ್ಳಿಗಳ ಜಗಲಿ ತುಂಬ ಹುಣಸೆಹಣ್ಣು. ಬೇಸಿಗೆಯ ಗಾಳಿಗೆ ಶ್ರೀನಿವಾಸಪುರದ ತೋಪುಗಳಲ್ಲಿ ಉದುರಿದ ಮಾವಿನಕಾಯಿ ಹೋಳಾಗಿ, ಉಪ್ಪು ಹಚ್ಚಿಸಿಕೊಂಡು ಮಾಳಿಗೆ ಮೇಲೆ ಒಣಗುತ್ತದೆ. ಆ ರಾಶಿಗಳ ಪಕ್ಕದಲ್ಲೇ ಬೆಳೆದವಳು ನಾನು. ಉಪ್ಪು, ಮೆಣಸಿನಕಾಯಿ, ಜೀರಿಗೆ, ಬೆಲ್ಲ ಹಾಕಿ ಕುಟ್ಟಿದ ಹುಣಸೆ ಚಿಗಳಿಯನ್ನು ಕಡ್ಡಿಗೆ ಸಿಕ್ಕಿಸಿ ಗಂಟೆಗಟ್ಟಲೆ ಚೀಪುತ್ತಿದ್ದೆ. ರಾತ್ರಿ ಹಲ್ಲು ಚಳಿತು ಮುದ್ದೆಯ ಸಾರಿನ ಕಾಳನ್ನೂ ಅಗಿಯಲು ಆಗುತ್ತಿರಲಿಲ್ಲ. ಅದು ಹಲ್ಲು ಕೊಟ್ಟ ಎಚ್ಚರಿಕೆ ಎಂದು ತಿಳಿದದ್ದು ನಲವತ್ತು ದಾಟಿದ ಮೇಲೆ, ತಣ್ಣೀರಿಗೂ ಜುಮ್ಮೆನ್ನತೊಡಗಿದಾಗ.

‘ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ?’ ಎನ್ನುತ್ತಾರಲ್ಲ, ಅದು ಬರೀ ಗಾದೆಯಲ್ಲ. ಮಾವು ಹಣ್ಣಾದರೆ ಹುಳಿ ಇಳಿಯುತ್ತದೆ; ಹುಣಸೆಯ ಟಾರ್ಟಾರಿಕ್ ಆಮ್ಲ ಎಷ್ಟು ಮಾಗಿದರೂ ಹೋಗುವುದಿಲ್ಲ. ಒಣಗಿದಾಗ ಆರುವುದು ನೀರು, ಹುಳಿಯಲ್ಲ. ಆ ಹುಳಿಯಿಂದ ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರವಾದ ಎನಾಮೆಲ್ ಕರಗತೊಡಗುತ್ತದೆ. ಒಮ್ಮೆ ಸವೆದ ಎನಾಮೆಲ್ ಮತ್ತೆ ಬೆಳೆಯದು. ಊಟದ ಹುಳಿ ಗಳಿಗೆಯಲ್ಲಿ ಗಂಟಲಿಗೆ ಇಳಿಯುತ್ತದೆ. ಕೆನ್ನೆಯೊಳಗಿನ ಚಿಗಳಿ ಹಲ್ಲಿಗೆ ಅಂಟಿ ಕೂರುತ್ತದೆ. ಅದರ ಬೆಲ್ಲ ಹುಳುಕಿಗೂ ದಾರಿ.

ನಮ್ಮ ಸೀಮೆಯವರಿಗೆ ಇನ್ನೊಂದು ಕಷ್ಟವಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕೋಲಾರ ಜಿಲ್ಲೆಯ ಎಷ್ಟೋ ಆಳದ ಬೋರ್‌ವೆಲ್‌ಗಳಲ್ಲಿ ಅದು ದಾಟಿದೆ. ಅದರಿಂದ ಹಲ್ಲು ಕಂದುಗಟ್ಟುತ್ತದೆ. ತೀರಾ ಹೆಚ್ಚಾದರೆ ಗುಳಿಬಿದ್ದು ಚಕ್ಕೆ ಏಳುತ್ತದೆ. ಅಂಥ ಹಲ್ಲಿಗೆ ಹುಳಿಯ ಪೆಟ್ಟನ್ನೂ ಕೊಡಬೇಡಿ.

ಹೊಟ್ಟೆಯ ಮಾತೂ ಕೇಳಿ. ಖಾಲಿ ಹೊಟ್ಟೆಗೆ ಬಿದ್ದ ಹುಳಿ ಎದೆಯುರಿ ಕೆರಳಿಸುತ್ತದೆ, ಹುಣಸೆ ಹೆಚ್ಚಾದರೆ ಭೇದಿ ಆಗುತ್ತದೆ. ಒಣ ಹೋಳಿನ ಉಪ್ಪನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ; ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಯಕೆಯ ದಿನಗಳಲ್ಲಿರುವ ಹೆಣ್ಣುಮಗಳಿಗೆ ರಕ್ತದೊತ್ತಡವಿದ್ದರೆ, ಡಬ್ಬಿಯನ್ನೇ ಅವಳ ಕೈಗೆ ಕೊಡದೆ ಒಂದೆರಡು ಹೋಳು ಕೊಡಿ. ಎಳೆಮಕ್ಕಳ ಕೈಗೆ ಬೀಜವಿರುವ ಹುಣಸೆ ಬೇಡವೇ ಬೇಡ, ಗಂಟಲಿಗೆ ಸಿಕ್ಕೀತು.

ಹುಳಿ ಬಿಡಿ ಎನ್ನುತ್ತಿಲ್ಲ. ಹುಣಸೆ ಕಿವುಚದ ಸಾರು ನಮ್ಮದಲ್ಲ. ತಿನ್ನುವ ಆಸೆಯಾದರೆ ಊಟದ ಜೊತೆಗೆ ಚೂರು ತಿಂದು ಮುಗಿಸಿ, ದಿನವಿಡೀ ಚೀಪಬೇಡಿ. ತಿಂದ ಕೂಡಲೇ ಬಾಯಿ ಮುಕ್ಕಳಿಸಿ. ಹಲ್ಲುಜ್ಜಲು ಅರ್ಧ ಗಂಟೆ ತಡೆಯಿರಿ. ಹುಳಿಯಿಂದ ಮೆದುವಾದ ಎನಾಮೆಲ್ ಬ್ರಷ್‌ಗೆ ಸವೆಯುತ್ತದೆ. ಹಲ್ಲು ಚಳಿತ ದಿನ, ಅಲ್ಲಿಗೇ ನಿಲ್ಲಿಸಿ. ನಾನು ನಿಲ್ಲಿಸಲಿಲ್ಲ.