ಸೇನೆಯ ಸರಕಿಗೆ ವ್ಯಾಪಾರದ ಲೆಕ್ಕ

1990–91ರ ಕೊಲ್ಲಿ ಯುದ್ಧಕ್ಕಾಗಿ ಅಮೆರಿಕದ ಸೇನೆ ಸುಮಾರು 40,000 ಕಂಟೇನರ್‌ಗಳನ್ನು ಸಾಗಿಸಿತು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಒಳಗೆ ಏನಿದೆ ಎಂಬುದು ಬಾಗಿಲು ತೆರೆದು ನೋಡಿದ ಮೇಲೆಯೇ ತಿಳಿದದ್ದು. ಬಿಡಿಭಾಗಕ್ಕೆ ಕಾದು ಬೇಸತ್ತ ತುಕಡಿಗಳು ಅದೇ ವಸ್ತುವಿಗೆ ಮತ್ತೆ ಬರೆದು ಕಳಿಸಿದವು. ರಾಶಿ ಇನ್ನಷ್ಟು ಬೆಳೆಯಿತು. ಸರಕು ಬಂದಿತ್ತು, ಅದರ ಸುದ್ದಿ ಬಂದಿರಲಿಲ್ಲ. ಈ ವಿಷಯಕ್ಕೆ ಹೊಸಬರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇಷ್ಟೇ: ಸರಕಿನ ಜೊತೆಗೆ ಅದರ ಮಾಹಿತಿಯೂ ಪ್ರಯಾಣ ಮಾಡಬೇಕು.

ಕಂಟೇನರ್ ಬಳಕೆಯಲ್ಲಿ ಸೇನೆ ವ್ಯಾಪಾರಿ ಹಡಗುಗಳಿಂದ ಇದಕ್ಕೂ ಮೊದಲೇ ಕಲಿತಿತ್ತು. ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್ 1956ರಲ್ಲಿ 58 ಕಂಟೇನರ್‌ಗಳನ್ನು ‘ಐಡಿಯಲ್ ಎಕ್ಸ್’ ಹಡಗಿನಲ್ಲಿ ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಸರಕು ಇಳಿಸಲಾಗದೆ ಹಡಗುಗಳು ಕಡಲಲ್ಲೇ ಕಾಯುವಂತಾದಾಗ, 1967ರಲ್ಲಿ ಅವರ ಸೀ-ಲ್ಯಾಂಡ್ ಕಂಪನಿಯ ಕಂಟೇನರ್ ಸೇವೆ ಅಲ್ಲಿಗೆ ಬಂತು. ಇಳಿಸುವ ಕೆಲಸ ಚುರುಕಾಯಿತು. ಆದರೆ ಮುಚ್ಚಿದ ಪೆಟ್ಟಿಗೆಯ ಒಳಗಿನ ಪಟ್ಟಿ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕೊಲ್ಲಿ ಯುದ್ಧ ತೋರಿಸಿತು.

ಆಮೇಲೆ ಬಂದ ಸುಧಾರಣೆಗಳನ್ನು ಒಂದೊಂದಾಗಿ ನೋಡೋಣ.

ಒಂದು, ಗುರುತು. ರೇಡಿಯೊ ತರಂಗದಿಂದ ಓದಬಹುದಾದ ಟ್ಯಾಗನ್ನು ಕಂಟೇನರ್‌ಗೆ ಕಟ್ಟಿದರೆ, ಬಾಗಿಲು ತೆರೆಯದೆಯೇ ಒಳಗಿನ ಪಟ್ಟಿ ತಿಳಿಯುತ್ತದೆ. ವಾಲ್‌ಮಾರ್ಟ್ ಎಂಬ ಚಿಲ್ಲರೆ ಅಂಗಡಿಗಳ ಸರಣಿ ತನ್ನ ದೊಡ್ಡ ಪೂರೈಕೆದಾರರಿಂದ ಇಂಥ ಟ್ಯಾಗ್ ಕೇಳಿದ ಹೊತ್ತಿನಲ್ಲೇ, 2004ರಲ್ಲಿ ಪೆಂಟಗಾನ್ (ಅಮೆರಿಕದ ರಕ್ಷಣಾ ಇಲಾಖೆ) ಕೂಡ ತನ್ನ ಪೂರೈಕೆದಾರರಿಗೆ ಅಂಥದೇ ನೀತಿ ಹೊರಡಿಸಿತು.

ಎರಡು, ಬಾಡಿಗೆ ಪಾವತಿ. ಹಿಂದೆ ಸೇನೆಗೆಂದೇ ಬೇರೆ ಸಾಗಣೆ ರಸೀದಿ ಇತ್ತು. ಅದರ ಹಲವು ಪ್ರತಿಗಳು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದವು. 1990ರ ದಶಕದ ಕೊನೆಯಲ್ಲಿ ಮಾರುಕಟ್ಟೆಯ ಸಾಮಾನ್ಯ ರಸೀದಿಯನ್ನೇ ಒಪ್ಪಿಕೊಂಡು, ಯು.ಎಸ್. ಬ್ಯಾಂಕಿನ ‘ಪವರ್‌ಟ್ರ್ಯಾಕ್’ ವ್ಯವಸ್ಥೆಯ ಮೂಲಕ ಹಣ ಕೊಡಲು ಶುರುಮಾಡಿದರು. ಕಳಿಸಿದವರೂ ಸಾಗಿಸಿದವರೂ ಕಂಪ್ಯೂಟರಿನಲ್ಲಿ ಒಂದೇ ಲೆಕ್ಕ ನೋಡುತ್ತಾರೆ. ತಾಳೆಯಾದರೆ ಬ್ಯಾಂಕು ಹಣ ಕೊಡುತ್ತದೆ. ಬಾಡಿಗೆ ಬೇಗ ಕೈಸೇರಿದರೆ ಲಾರಿ ಕಂಪನಿಗಳಿಗೂ ಸೇನೆಯ ಕೆಲಸದ ಮೇಲೆ ಮನಸ್ಸು ಬರುತ್ತದೆ.

ಮೂರು, ಲೋಡು ಕೂಡಿಸುವುದು. ಒಂದೇ ದಿಕ್ಕಿಗೆ ಎರಡು ಡಿಪೋಗಳಿಂದ ಅರ್ಧ ತುಂಬಿದ ಎರಡು ಲಾರಿ ಹೊರಡುವ ಬದಲು, ಎರಡನ್ನೂ ನೋಡಬಲ್ಲ ಒಬ್ಬರು ಇದ್ದರೆ ಒಂದೇ ಲಾರಿ ಸಾಕು. 2007ರಲ್ಲಿ ಅಮೆರಿಕದ ಒಳನಾಡಿನ ಸೇನಾ ಸರಕಿನ ಇಂಥ ಹೊಂದಾಣಿಕೆಯನ್ನು ಮೆನ್ಲೊ ಎಂಬ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟರು.

ಹಾಗೆಂದು ವ್ಯಾಪಾರದ ಎಲ್ಲ ರೂಢಿಯನ್ನೂ ಸೇನೆ ಎತ್ತಿಕೊಳ್ಳಲಾಗದು. ಅಂಗಡಿಯಲ್ಲಿ ದಾಸ್ತಾನು ಮುಗಿದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ. ಮುಂಚೂಣಿಯಲ್ಲಿ ಔಷಧಿ ಮುಗಿದರೆ ಜೀವ ಹೋಗುತ್ತದೆ. ಆದ್ದರಿಂದ ದಾಸ್ತಾನನ್ನು ತೀರ ಕಡಿಮೆ ಇಟ್ಟು ಹಣ ಉಳಿಸುವ ಪದ್ಧತಿ ಇಲ್ಲಿ ಅಪಾಯಕಾರಿ. ಮದ್ದುಗುಂಡಿಗೆ ವಿಶೇಷ ಕಾವಲು ಬೇಕು. ಸರಕು ಎಲ್ಲಿದೆ ಎಂಬ ಮಾಹಿತಿ ಶತ್ರುವಿಗೂ ಬೆಲೆಬಾಳುವಂಥದು, ಅದಕ್ಕೂ ಕಾವಲು ಬೇಕು. ಯಾವ ಸುಧಾರಣೆಯ ಬಗ್ಗೆ ಓದಿದರೂ ಉಳಿತಾಯ ಎಷ್ಟು ಎಂಬುದನ್ನು ಆಮೇಲೆ ನೋಡಿ. ಕೇಳಿದ ಸೈನಿಕನಿಗೆ ಕೇಳಿದ ವಸ್ತು ಬೇಕಾದ ಹೊತ್ತಿಗೆ ಸಿಕ್ಕಿತೇ ಎಂದು ಮೊದಲು ಕೇಳಿ.