ಬಡಿಯುತ್ತೆ ಅನ್ನೋ ಮುಂಚೆ

ಕ್ಷುದ್ರಗ್ರಹಗಳ ಬೆನ್ನು ಹತ್ತಿ ಭೂಮಿ ಕಾಪಾಡ್ತೀನಿ ಅಂತ ಹೊರಟಿದ್ದೀಯಂತೆ. ಭೇಷ್ ಮರಿ! ತಲೆ ಚುರುಕಾಗಿದೆ, ಗಣಿತ ನೀರು ಕುಡಿದಷ್ಟು ಸುಲಭ ನಿನಗೆ. ಇಲ್ಲದಿರೋದು ತಾಳ್ಮೆ ಒಂದೇ. ಕಾಫಿ ಆರುವಷ್ಟು ಹೊತ್ತೂ ಕಾಯದೆ ನಾಲಿಗೆ ಸುಟ್ಟುಕೊಳ್ಳೋ ಜಾತಿ ನೀನು.

ಸಿನಿಮಾದ ಹಾಗೆ ದಿನಾ ರಾಕೆಟ್ ಹಾರಿಸೋ ಕೆಲಸವಲ್ಲ ಇದು. ಚುಕ್ಕಿ ನೋಡೋದು, ಮತ್ತೆ ನೋಡೋದು. ಅಮೆರಿಕದ ಕ್ಯಾರೊಲಿನ್ ಶೂಮೇಕರ್ ಇದಕ್ಕೆ ಕೂತಿದ್ದು ಮಕ್ಕಳನ್ನೆಲ್ಲ ದೊಡ್ಡವರು ಮಾಡಿ, ಐವತ್ತು ದಾಟಿದ ಮೇಲೆ. ಆಕಾಶದ ಒಂದೇ ಜಾಗವನ್ನು ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ ಫಿಲ್ಮಿನಲ್ಲಿ ಹಿಡಿದು, ಎರಡನ್ನೂ ಜೋಡಿಗಣ್ಣಿನ ಸೂಕ್ಷ್ಮದರ್ಶಕದಡಿ ಇಟ್ಟು ನೋಡೋರು. ನಕ್ಷತ್ರಗಳು ಚಪ್ಪಟೆಯಾಗಿ ಬಿದ್ದಿರುತ್ತವೆ. ಜಾಗ ಬದಲಿಸಿದ ಚುಕ್ಕಿ ಮಾತ್ರ ಮೇಲೆದ್ದು ತೇಲುತ್ತೆ. ಹೀಗೆ ಕಣ್ಣು ಸವೆಸಿಯೇ 32 ಧೂಮಕೇತು ಪತ್ತೆ ಮಾಡಿದರು. 1994ರಲ್ಲಿ ಗುರುಗ್ರಹಕ್ಕೆ ಅಪ್ಪಳಿಸಿತಲ್ಲ, ಅದೂ ಅದರಲ್ಲೊಂದು.

ಆತುರಗಾರನಿಗೆ ಬುದ್ಧಿ ಮಟ್ಟ. 1998ರ ಮಾರ್ಚ್‌ನಲ್ಲಿ '1997 ಎಕ್ಸ್‌ಎಫ್11' ಅನ್ನೋ ಬಂಡೆ 2028ರಲ್ಲಿ ಬಡಿದರೂ ಬಡಿಯಬಹುದು ಅಂತ ಸುದ್ದಿ ಹಬ್ಬಿತು. ಜಗತ್ತೆಲ್ಲ ಗುಲ್ಲೋ ಗುಲ್ಲು. ಮರುದಿನವೇ 1990ರ ಹಳೇ ಫೋಟೋ ಸಿಕ್ಕಿತು, ಲೆಕ್ಕ ತಿದ್ದಿದರು. ಒಂಬತ್ತು ಲಕ್ಷ ಕಿಲೋಮೀಟರಿಗೂ ಆಚೆ ಹೋಗುತ್ತಂತೆ! ಬಾಯಿ ಬಿಡೋ ಮುಂಚೆ ಹಳೇ ಪೆಟ್ಟಿಗೆ ತಡಕೋಕೆ ಏನಾಗಿತ್ತು, ಹೇಳು.

ಹಾಗಂತ ಮುಚ್ಚಿಟ್ಟುಕೊಂಡೂ ಕೂರಬೇಡ. '2024 ವೈಆರ್4' ಅನ್ನೋ ಬಂಡೆ 2032ರಲ್ಲಿ ಬಡಿಯೋ ಸಾಧ್ಯತೆ ಮೊದಲು ಶೇ. 1ರಷ್ಟಿತ್ತು, 2025ರ ಫೆಬ್ರವರಿಯಲ್ಲಿ ಶೇ. 3ಕ್ಕೆ ಏರಿತು, ವಾರದೊಳಗೆ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಜನ ನಕ್ಕರು, ಇವರಿಗೆ ಲೆಕ್ಕ ಬರಲ್ಲ ಅಂತ. ಲೆಕ್ಕ ಸರಿಯಾಗೇ ಇತ್ತು. ಕರು ತಪ್ಪಿಸಿಕೊಂಡಿದೆ ಅನ್ನು. ಹತ್ತು ಹೊಲ ಹುಡುಕಬೇಕು, ನಿಮ್ಮದೂ ಒಂದು. ಒಂದೊಂದೇ ಹೊಲ ನೋಡಿ ಇಲ್ಲ ಅಂದಷ್ಟೂ ನಿಮ್ಮ ಹೊಲದ ಮೇಲೇ ಗುಮಾನಿ ಜಾಸ್ತಿ. ಕೊನೆಗೆ ಅದು ಪಕ್ಕದವರ ಅವರೆಸಾಲಲ್ಲಿ ಮೇಯ್ತಿರುತ್ತೆ. ಇದನ್ನು ಟಿವಿಯವರ ಮೈಕಿನ ಮುಂದೆ ಸಿಟ್ಟಾಗದೆ ಹೇಳೋದು ಕಲಿ. ನಿನ್ನೆಯ ಅಂಕಿ ಇವತ್ತು ಬದಲಾದರೆ ನಾಚಬೇಡ, ಬದಲಾಯಿತು ಅನ್ನು.

2029ರ ಏಪ್ರಿಲ್ 13ಕ್ಕೆ ಅಪೋಫಿಸ್ ಅನ್ನೋ ಕ್ಷುದ್ರಗ್ರಹ ಭೂಮಿಯಿಂದ 32,000 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುತ್ತೆ. ಬಡಿಯಲ್ಲ, ಹೆದರಬೇಡ. ಅಷ್ಟರೊಳಗೆ ಪಿಎಚ್‌ಡಿ ಮುಗಿಸು. ನಿನ್ನ ಗೈಡು ಕಾದಾರು, ಅದು ಕಾಯಲ್ಲ.