ವೆನಿಸ್ಸಿನ ವರ್ತಕ: ವಿನೋದನಾಟಕವೋ, ಗಂಭೀರನಾಟಕವೋ?

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಮೇಲಿನ ತರಗತಿಯ ವಿದ್ಯಾರ್ಥಿನಿಯರು ಷೇಕ್ಸ್‌ಪಿಯರ್ ಮಹಾಕವಿಯ ‘ವೆನಿಸ್ಸಿನ ವರ್ತಕ’ ನಾಟಕದಿಂದ ನ್ಯಾಯಸಭೆಯ ದೃಶ್ಯವನ್ನು ಅಭಿನಯಿಸಿದರು. ವ್ಯಾಜ್ಯದಲ್ಲಿ ಸೋತ ಶೈಲಾಕನು ತಲೆ ತಗ್ಗಿಸಿಕೊಂಡು ರಂಗದಿಂದ ಹೊರಟಾಗ ಸಭಿಕರೆಲ್ಲರೂ ಗೊಳ್ಳೆಂದು ನಕ್ಕರು. ಆ ಪಾತ್ರವನ್ನು ವಹಿಸಿದ್ದ ಬಾಲಿಕೆಯು ಪರದೆಯ ಹಿಂದಕ್ಕೆ ಬಂದು, ಅಂಟಿಸಿದ್ದ ಗಡ್ಡವನ್ನು ತೆಗೆಯುತ್ತ, “ಟೀಚರಮ್ಮಾ, ಅಲ್ಲಿ ನಗಬೇಕಾಗಿತ್ತೇ?” ಎಂದು ಕೇಳಿದಳು. ಆಗ ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಈಗ ಆಕೆಗೂ, ಈ ನಾಟಕವನ್ನು ನಮ್ಮಲ್ಲಿ ಓದಿ ಹೋದ ಎಲ್ಲ ಹಳೆಯ ವಿದ್ಯಾರ್ಥಿನಿಯರಿಗೂ, ಅವರ ತಾಯಿತಂದೆಗಳಿಗೂ ನಮಗೆ ತಿಳಿದಮಟ್ಟಿಗೆ ಉತ್ತರ ಹೇಳಲು ಯತ್ನಿಸುತ್ತೇವೆ.

ಮೊದಲು ಕಥೆಯನ್ನು ಸ್ಮರಿಸೋಣ. ವರ್ತಕನಾದ ಆಂಟೋನಿಯೋ ತನ್ನ ಸ್ನೇಹಿತ ಬಸಾನಿಯೋವಿನ ವಿವಾಹಪ್ರಯತ್ನಕ್ಕಾಗಿ ಶೈಲಾಕನೆಂಬ ಯೆಹೂದ್ಯ ಸಾಹುಕಾರನಿಂದ ಮೂರು ತಿಂಗಳ ವಾಯಿದೆಯ ಮೇಲೆ 3000 ಡಕಟ್ ನಾಣ್ಯಗಳನ್ನು ಸಾಲ ತೆಗೆದುಕೊಳ್ಳುತ್ತಾನೆ. ವಾಯಿದೆ ತಪ್ಪಿದರೆ ಅವನ ದೇಹದಿಂದ ಒಂದು ಪೌಂಡು ಮಾಂಸವನ್ನು ಕೊಡತಕ್ಕದ್ದೆಂದು ಪತ್ರವಾಗುತ್ತದೆ. ಹಡಗುಗಳು ಹಾಳಾದ ವರ್ತಮಾನ ಬರುತ್ತದೆ. ಶೈಲಾಕನು ಕತ್ತಿಯನ್ನು ಮಸೆಯುತ್ತಾನೆ. ಬಸಾನಿಯೋವಿನ ಕೈಹಿಡಿದ ಪೋರ್ಷಿಯಾ ನ್ಯಾಯಪಂಡಿತನ ವೇಷದಲ್ಲಿ ಬಂದು, ಮಾಂಸಕ್ಕೆ ಹಕ್ಕುಂಟು, ರಕ್ತದ ಒಂದು ತೊಟ್ಟಿಗೂ ಹಕ್ಕಿಲ್ಲವೆಂದು ತೀರ್ಮಾನಿಸಿ ಆಂಟೋನಿಯೋವನ್ನು ಉಳಿಸುತ್ತಾಳೆ.

1600ರಲ್ಲಿ ಬಿಡಿಯಾಗಿ ಅಚ್ಚಾದ ಈ ನಾಟಕವನ್ನು, ಕವಿಯ ಜೊತೆಯ ನಟರು 1623ರಲ್ಲಿ ಹೊರತಂದ ಸಂಪುಟದಲ್ಲಿ ವಿನೋದನಾಟಕಗಳ ಸಾಲಿಗೆ ಸೇರಿಸಿದರು. ಹಾಗೆ ಸೇರಿಸಲು ಕಾರಣವುಂಟು. ಇದರಲ್ಲಿ ಯಾರೂ ರಂಗದ ಮೇಲೆ ಸಾಯುವುದಿಲ್ಲ. ಮೂರು ಜೋಡಿಗಳು ವಿವಾಹವಾಗುತ್ತವೆ. ಕೊನೆಯ ಅಂಕವು ಬೆಳದಿಂಗಳಿನಲ್ಲಿ, ವಾದ್ಯಸಂಗೀತದ ನಡುವೆ, ಹುಸಿಜಗಳದಲ್ಲಿ ಮುಗಿಯುತ್ತದೆ. ಇಪ್ಪತ್ತು ದೃಶ್ಯಗಳಲ್ಲಿ ಶೈಲಾಕನು ಬರುವುದು ಐದರಲ್ಲಿ ಮಾತ್ರ.

ಆದರೂ ಆ ಐದು ದೃಶ್ಯಗಳೇ ನಾಟಕದ ಭವಿಷ್ಯವನ್ನು ನಿರ್ಣಯಿಸಿದವು. ಮೊದಮೊದಲು ಲಂಡನ್ನಿನಲ್ಲಿ ಶೈಲಾಕನ ಪಾತ್ರವು ಹಾಸ್ಯನಟರ ಪಾಲಿಗೆ ಬೀಳುತ್ತಿತ್ತು. 1741ರಲ್ಲಿ ಚಾರ್ಲ್ಸ್ ಮ್ಯಾಕ್ಲಿನ್ ಎಂಬ ನಟನು ಅವನನ್ನು ಭಯಂಕರನನ್ನಾಗಿ ತೋರಿಸಿದನು. 1814ರಲ್ಲಿ ಎಡ್ಮಂಡ್ ಕೀನ್ ಅವನಲ್ಲಿ ನೊಂದ ಮನುಷ್ಯನನ್ನು ಕಾಣಿಸಿದನು. 1879ರಲ್ಲಿ ಹೆನ್ರಿ ಇರ್ವಿಂಗನು ಅವನಿಗೆ ಘನತೆಯನ್ನಿತ್ತು, ಕೆಲವು ಪ್ರದರ್ಶನಗಳಲ್ಲಿ ಐದನೆಯ ಅಂಕವನ್ನೇ ಬಿಟ್ಟುಬಿಟ್ಟನು. ಇದಕ್ಕೆ ತೀರ ವಿರುದ್ಧವಾಗಿ, 1943ರಲ್ಲಿ ನಾಜಿಗಳ ಆಳ್ವಿಕೆಗೆ ಒಳಪಟ್ಟಿದ್ದ ವಿಯೆನ್ನಾ ನಗರದಲ್ಲಿ ಶೈಲಾಕನನ್ನು ಹೇಸಿಗೆಯ ಪ್ರಾಣಿಯಂತೆ ಚಿತ್ರಿಸಿ ಜನರನ್ನು ನಗಿಸಿದರು. ಆ ಹೊತ್ತಿಗೆ ಅಲ್ಲಿಯ ಯೆಹೂದ್ಯರಲ್ಲಿ ಹೆಚ್ಚಿನವರು ದೇಶಬಿಟ್ಟು ಓಡಿದ್ದರು, ಇಲ್ಲವೆ ಸೆರೆಹಿಡಿದು ಸಾಗಿಸಲ್ಪಟ್ಟಿದ್ದರು. ಎಲ್ಲಿ ನಗಬೇಕೆಂಬುದು ಕೇವಲ ಅಭಿರುಚಿಯ ಪ್ರಶ್ನೆಯಲ್ಲವೆಂಬುದಕ್ಕೆ ಇಷ್ಟು ಸಾಕು.

ಕವಿಯು ಸ್ವತಃ ಏನು ಮಾಡಿದ್ದಾನೆಂಬುದಕ್ಕೆ ಎರಡು ಉಂಗುರಗಳನ್ನು ನೋಡಬಹುದು. ಎಂದಿಗೂ ಬಿಚ್ಚುವುದಿಲ್ಲವೆಂದು ಆಣೆಯಿಟ್ಟ ಉಂಗುರವನ್ನು ಬಸಾನಿಯೋ ವೇಷಧಾರಿ ಪಂಡಿತನಿಗೆ ಕೊಟ್ಟುಬಿಡುತ್ತಾನೆ. ಐದನೆಯ ಅಂಕದಲ್ಲಿ ಪೋರ್ಷಿಯಾ ಅದಕ್ಕಾಗಿ ಅವನನ್ನು ಗೋಳುಹೊಯ್ದುಕೊಳ್ಳುವಾಗ ನಾವು ಮನಸಾರೆ ನಗುತ್ತೇವೆ. ಮೂರನೆಯ ಅಂಕದಲ್ಲಿ ಇನ್ನೊಂದು ಉಂಗುರವಿದೆ. ಮನೆಬಿಟ್ಟು ಓಡಿದ ಜೆಸ್ಸಿಕಾ ತಂದೆಯ ಉಂಗುರವನ್ನು ಒಂದು ಕೋತಿಗಾಗಿ ಕೊಟ್ಟಳೆಂಬ ಸುದ್ದಿಯನ್ನು ಕೇಳಿ ಶೈಲಾಕನು ಸಂಕಟಪಡುತ್ತಾನೆ. ಅದು ಅವನ ವಿವಾಹಕ್ಕೆ ಮುಂಚೆ ಲೇಯ ಎಂಬಾಕೆ ಕೊಟ್ಟದ್ದು. ಅಡವಿಯ ತುಂಬ ಕೋತಿಗಳನ್ನು ಕೊಟ್ಟರೂ ತಾನು ಅದನ್ನು ಬಿಡುತ್ತಿರಲಿಲ್ಲವೆನ್ನುತ್ತಾನೆ. ಹಣದಾಸೆಯವನೆಂದು ಎಲ್ಲರೂ ಹಳಿಯುವ ಈತನೇ, ಉಂಗುರದ ಬೆಲೆಯನ್ನು ಬಸಾನಿಯೋವಿಗಿಂತ ಚೆನ್ನಾಗಿ ಅರಿತಿದ್ದನು.

ಇನ್ನು ನ್ಯಾಯಸಭೆಯ ವಿಷಯ. ಕರುಣೆಯು ಬಲಾತ್ಕಾರದಿಂದ ಬರತಕ್ಕದ್ದಲ್ಲ, ಮಳೆಯಂತೆ ತಾನಾಗಿ ಇಳಿಯತಕ್ಕದ್ದೆಂದು ಪೋರ್ಷಿಯಾ ಬೋಧಿಸುತ್ತಾಳೆ. ನಮ್ಮಲ್ಲಿ ಎಷ್ಟೋ ಮಂದಿ ಆ ಭಾಷಣವನ್ನು ಬಾಯಿಪಾಠ ಮಾಡಿದ್ದೇವೆ. ಆದರೆ ಅದೇ ಸಭೆಯಲ್ಲಿ, ಅದೇ ದಿನ, ಶೈಲಾಕನು ಒಡನೆಯೇ ಕ್ರೈಸ್ತನಾಗಬೇಕೆಂದು ಆಂಟೋನಿಯೋ ಷರತ್ತು ಹಾಕುತ್ತಾನೆ. ಒಪ್ಪದಿದ್ದರೆ ಕ್ಷಮೆಯನ್ನು ಹಿಂತೆಗೆಯುವೆನೆಂದು ಅಧಿಪತಿಯು ಹೇಳುತ್ತಾನೆ. ಕರುಣೆಯನ್ನು ಬಲವಂತಪಡಿಸಲಾಗದೆಂದವರು ವಿಶ್ವಾಸವನ್ನು ಬಲವಂತಪಡಿಸುತ್ತಾರೆ. ಕ್ರೈಸ್ತರಾದ ನಾವು ಈ ಸ್ಥಳವನ್ನು ನಾಚಿಕೆಯಿಲ್ಲದೆ ಓದಲಾರೆವು. ಹೆದರಿಸಿ ಕೊಟ್ಟ ದೀಕ್ಷೆಯು ದೀಕ್ಷೆಯಲ್ಲ. ಶೈಲಾಕನು ಒಪ್ಪಿದೆನೆಂದು ಹೇಳಿ, ಮೈ ಸರಿಯಿಲ್ಲವೆಂದು ಅಪ್ಪಣೆ ಬೇಡಿ ಹೊರಟುಹೋಗುತ್ತಾನೆ. ಹಾಗೆ ಹೋಗುವವನನ್ನೂ ಗ್ರಾಷಿಯಾನೋ ಹಾಸ್ಯಮಾಡದೆ ಬಿಡುವುದಿಲ್ಲ.

ಹಾಗೆಂದು ಶೈಲಾಕನನ್ನು ನಿರಪರಾಧಿಯನ್ನಾಗಿ ಮಾಡಲಾಗದು. ಆಂಟೋನಿಯೋ ಅವನನ್ನು ನಾಯಿಯೆಂದು ಜರೆದದ್ದೂ, ಅವನ ಮೇಲೆ ಉಗುಳಿದ್ದೂ ನಿಜ. ಅವನು ಒಬ್ಬ ಮನುಷ್ಯನ ಎದೆಯನ್ನು ಕೊಯ್ಯಲು ತಕ್ಕಡಿ ಹಿಡಿದು ನಿಂತದ್ದೂ ನಿಜ. ಸಾಲವನ್ನು ಮೂರರಷ್ಟಾಗಿ ತೀರಿಸುವೆವೆಂದರೂ ಅವನು ಕೇಳಲಿಲ್ಲ. ಇದನ್ನು ಕೇವಲ ದುಃಖನಾಟಕವೆಂದು ಆಡಿದರೆ ಆ ಕತ್ತಿಯು ಮರೆಯಾಗುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವಿದು: ಇದು ವಿನೋದನಾಟಕವೇ, ಹಾಗೆಂದೇ ಆಡಬೇಕು, ಐದನೆಯ ಅಂಕವನ್ನು ಬಿಡಕೂಡದು. ಏಕೆಂದರೆ ಕವಿಯು ಆ ಸಂತೋಷದೊಳಗೇ ನೋವನ್ನು ಉಳಿಸಿದ್ದಾನೆ. ಇಂಪಾದ ಸಂಗೀತವನ್ನು ಕೇಳಿದಾಗ ತನಗೆ ಉಲ್ಲಾಸವೆನಿಸುವುದಿಲ್ಲವೆಂಬುದೇ ಜೆಸ್ಸಿಕಾಳ ಕಡೆಯ ಮಾತು. ಜೋಡಿಗಳೆಲ್ಲ ಮನೆಯೊಳಕ್ಕೆ ಹೋಗುವಾಗ ಆಂಟೋನಿಯೋ ಒಂಟಿಯಾಗಿಯೇ ಇರುತ್ತಾನೆ. ಶೈಲಾಕನ ಅಗಲಿಕೆಯನ್ನು ಗಂಭೀರವಾಗಿ ನೋಡಿದವರಿಗೆ ಮಾತ್ರ ಇವು ಕಣ್ಣಿಗೆ ಬೀಳುತ್ತವೆ.

ಹಾಗಾದರೆ, ಮಗೂ, ನಿನ್ನ ಪ್ರಶ್ನೆಗೆ ಉತ್ತರವೇನೆಂದರೆ: ಪೋರ್ಷಿಯಾಳ ಜಾಣತನಕ್ಕೆ ನಗಬಹುದು, ಉಂಗುರದ ಜಗಳಕ್ಕೆ ಹೊಟ್ಟೆತುಂಬ ನಗಬಹುದು. ಸೋತವನು ಹೊರಟುಹೋಗುವಾಗ ನಗಬಾರದಾಗಿತ್ತು. ನಿನ್ನ ಅಭಿನಯದಲ್ಲಿ ಕೊರತೆಯೇನೂ ಇರಲಿಲ್ಲ. ಆ ದೃಶ್ಯವೊಂದನ್ನೇ ಆರಿಸಿ ಆಡಿಸಿ, ಅದನ್ನು ನೋಡುವ ಬಗೆಯನ್ನು ಸಭಿಕರಿಗೆ ತಿಳಿಸದೆ ಹೋದ ತಪ್ಪು ನಮ್ಮದು.